ಅರಿವಳಿಕೆ ಡಾಕ್ಟರು "ನೀವು ಶೆಟ್ರಾ?" ಅಂತ ಯಾಕೆ ಕೇಳಿದರು?

ತಾಯಿಗೆ ಶಿವಮೊಗ್ಗದಲ್ಲಿ ಆಪರೇಷನ್ ಇದೆ, ಅರಿವಳಿಕೆ ಡಾಕ್ಟರು ಬಂದು "ನೀವು ಶೆಟ್ರಾ?" ಅಂತ ಕೇಳಿದರು, ಕಾಯಿಲೆಗೂ ಜಾತಿ ಇರುತ್ತಾ ಅಂತ ಸಿಟ್ಟಿನಿಂದಲೇ ಬರೆದಿದ್ದೀರಿ. ನಾನು ಇದೇ ಊರಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಡಾಕ್ಟರಲ್ಲ. ಆದರೆ ಆ ಪ್ರಶ್ನೆ ಎಲ್ಲಿಂದ ಬಂತು ಅನ್ನೋದು ಗೊತ್ತು.

ಉಸಿರಿನ ಕೊಳವೆ ಹಾಕುವ ಮುಂಚೆ ಸ್ನಾಯು ಸಡಿಲವಾಗಲಿ ಅಂತ ಒಂದು ಇಂಜೆಕ್ಷನ್ ಕೊಡುವುದುಂಟು. ನಾವು ಸ್ಕೋಲಿನ್ ಅಂತೀವಿ. ರಕ್ತದಲ್ಲಿರುವ ಒಂದು ಕಿಣ್ವ (ಎಂಜೈಮ್) ಅದನ್ನು ಒಡೆದುಹಾಕುತ್ತದೆ, ಸುಮಾರು ಹತ್ತು ನಿಮಿಷದಲ್ಲಿ ಉಸಿರು ತಾನಾಗಿ ಬರುತ್ತದೆ. ತುಂಬಾ ವರ್ಷದ ಹಿಂದೆ, ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಒಬ್ಬರಿಗೆ ಬರಲೇ ಇಲ್ಲ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಎಚ್ಚರ ಆಗದ ಹಾಗೆ ಮದ್ದು ಕೊಡುತ್ತಾ, ಒಬ್ಬರಾದ ಮೇಲೆ ಒಬ್ಬರು ಕೈಯಲ್ಲೇ ಉಸಿರು ಕೊಡುವ ಬ್ಯಾಗ್ ಒತ್ತುತ್ತಾ ಕೂತೆವು. ಬೆಳಗಿನ ಜಾವ ಅವರೇ ಉಸಿರೆಳೆದರು, ಆರಾಮಾಗಿ ಮನೆಗೆ ಹೋದರು. ಹೊರಗೆ ಕೂತಿದ್ದ ಅವರ ಅಕ್ಕ ಮಾತ್ರ ಒಂದು ಮಾತು ಅಂದರು: "ಅಯ್ಯೋ, ದೊಡ್ಡಣ್ಣನಿಗೂ ಹೀಗೇ ಆಗಿತ್ತಲ್ಲ!" ಹಿಂದಿನ ದಿನ ಅದನ್ನು ಯಾರೂ ಕೇಳಿರಲಿಲ್ಲ.

ಹುಟ್ಟಿನಿಂದಲೇ ಆ ಕಿಣ್ವ ಇಲ್ಲದವರು, ಶೆಟ್ರು ಅಂತ ಕರೆಸಿಕೊಳ್ಳುವ ಆರ್ಯವೈಶ್ಯರಲ್ಲಿ ಬೇರೆಯವರಿಗಿಂತ ಜಾಸ್ತಿ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಹೀಗಾಗುತ್ತದೆ. ಇದಕ್ಕೆ ಕಾರಣ ಜಾತಿಯ ರಕ್ತ ಅಲ್ಲ, ನಮ್ಮನಮ್ಮೊಳಗೇ ಮದುವೆಯಾಗುವ ಪದ್ಧತಿ. ನಾಲ್ಕೇ ಮರದ ಬೀಜದಡಿಕೆಯಿಂದ ತೋಟ ಎಬ್ಬಿಸಿ, ಮುಂದೆಯೂ ಅದೇ ತೋಟದ ಬೀಜವನ್ನೇ ಹಾಕುತ್ತಾ ಹೋದರೆ ಏನಾಗುತ್ತೆ? ಆ ನಾಲ್ಕು ಮರದಲ್ಲಿದ್ದ ಐಬು ಸಾಲುಸಾಲಾಗಿ ಕಾಣುತ್ತದೆ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದ್ದರು. ಅದರಲ್ಲಿ 81 ಗುಂಪುಗಳು ಇಂಥ 'ನಾಲ್ಕೇ ಮರದ ತೋಟ'ಗಳು, ಅದೂ ಈ ವಿಷಯಕ್ಕೆ ಹೆಸರಾದ ಫಿನ್ಲೆಂಡಿನವರಿಗಿಂತ ಜಾಸ್ತಿ. ಹಾಗಾಗಿ ಒಂದು ಜಾತಿಯನ್ನು ನೋಡಿ ನಗುವವರು ತಮ್ಮ ಮನೆಯ ಸೋದರಮಾವನ ಲೆಕ್ಕ ಒಮ್ಮೆ ಹಾಕಿಕೊಳ್ಳಲಿ.

ನಮ್ಮದು ಸಾಗರದ ಕಡೆ. ಅಲ್ಲಿನ ಹಂದಿಗೋಡು ಅನ್ನುವ ಹಳ್ಳಿಯ ಹೆಸರು ನೀವೂ ಕೇಳಿರಬಹುದು. 1970ರ ದಶಕದಲ್ಲಿ ಅಲ್ಲಿನ ಬಡ ದಲಿತ ಮನೆಗಳಲ್ಲಿ ಸೊಂಟದ ಕೀಲು ನೋವು, ಕುಂಟು, ಕುಳ್ಳು ಕಂಡಾಗ ಮೊದಲು ಅನುಮಾನ ಬಂದದ್ದು ಗದ್ದೆ ಏಡಿಯ ಮೇಲೆ. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದು ಹೀಗಾಯಿತು ಅಂದರು. ತಪ್ಪು ಅನ್ನಲೂ ಆಗಲ್ಲ, ಒಂದೇ ಮನೆಯವರು ಒಂದೇ ಊಟ ಮಾಡುತ್ತಾರಲ್ವಾ? ಆಮೇಲೆ ವಂಶವೃಕ್ಷ ಬರೆದು ನೋಡಿದಾಗ ಅದು ಅಪ್ಪನಿಂದಲೋ ಅಮ್ಮನಿಂದಲೋ ಬರುತ್ತಿದೆ ಅಂತ ಗೊತ್ತಾಯಿತು. ಇಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇದನ್ನು ಹೊರಗೆ ಹಾಕಿದ್ದು ಜಾತಿಯ ಹೆಸರಲ್ಲ, ಯಾರ ಮಗಳು, ಯಾರ ಮೊಮ್ಮಗ ಅನ್ನುವ ಲೆಕ್ಕ.

ಅದಕ್ಕೇ ನನಗೆ "ಶೆಟ್ರಾ?" ಅನ್ನುವ ಪ್ರಶ್ನೆ ಕೆಟ್ಟದ್ದು ಅನಿಸುವುದಕ್ಕಿಂತ ಅರೆಬರೆ ಅನಿಸುತ್ತದೆ. ನಮ್ಮೂರಲ್ಲಿ ಯಾವ ಶೆಟ್ರು? ಬಂಟರೂ ಶೆಟ್ರು, ಬಣಜಿಗರೂ ಶೆಟ್ರು, ಆರ್ಯವೈಶ್ಯರೂ ಶೆಟ್ರು. ಹೌದು ಅಂದರೆ ಸುಮ್ನೆ ಹೆದರಿಕೆ, ಅಲ್ಲ ಅಂದರೆ ಸುಳ್ಳು ಧೈರ್ಯ. ಈ ಕಿಣ್ವದ ತೊಂದರೆ ಬೇರೆ ಜಾತಿಗಳಲ್ಲೂ ಇದೆ, ಕಡಿಮೆ ಅಷ್ಟೆ.

ನೀವು ಯಾವ ಶೆಟ್ರು ಅಂತ ಬರೆದಿಲ್ಲ, ನನಗೆ ಬೇಕಾಗಿಯೂ ಇಲ್ಲ. ತಾಯಿಯ ಅಣ್ಣತಮ್ಮ, ಅಕ್ಕತಂಗಿಯರಿಗೆ ಇವತ್ತೇ ಫೋನ್ ಮಾಡಿ. ಆಪರೇಷನ್ ಆದಮೇಲೆ ಯಾರಿಗಾದರೂ ಉಸಿರು ಬರಲು ತಡವಾಗಿತ್ತಾ, ವೆಂಟಿಲೇಟರಿನಲ್ಲಿ ಇಟ್ಟಿದ್ದರಾ ಅಂತ ಕೇಳಿ. ಹೌದು ಅಂದರೆ ಆ ಡಾಕ್ಟರಿಗೆ ಹೇಳಿಬಿಡಿ. ಕಿಣ್ವದ ಮಟ್ಟ ನೋಡಲು ರಕ್ತ ಪರೀಕ್ಷೆ ಇದೆ, ಸ್ಕೋಲಿನ್ ಬದಲು ಕೊಡಲು ಬೇರೆ ಮದ್ದೂ ಇದೆ.