ಕೊಪ್ಪಳದವನು, ಪಿಯುಸಿ ಮುಗಿದಿದೆ. ಸಾಲ ಮಾಡಿ ವಿಎಫ್‌ಎಕ್ಸ್ ಕೋರ್ಸ್ ಸೇರಬಹುದಾ?

ಇನ್‌ಸ್ಟಿಟ್ಯೂಟಿನವರು ಮೂರು ಲಕ್ಷ ಫೀಸು ಕೇಳಿದ್ದಾರೆ, ತಂದೆ ಹೊಲದ ಮೇಲೆ ಸಾಲ ತೆಗೆಯೋಕೆ ರೆಡಿ ಇದ್ದಾರೆ ಅಂತ ಬರೆದಿದ್ದೀರಿ. ಈಗಲೇ ಸೇರಬೇಡಿ. ಹೊಲದ ಮೇಲೆ ಸಾಲವಂತೂ ಬೇಡವೇ ಬೇಡ. ನಾನು ಬಳ್ಳಾರಿಯವನು, ಬೆಂಗಳೂರಿನಲ್ಲಿ ಕಾಂಪೋಸಿಟರ್ ಆಗಿದ್ದೇನೆ, ಅಂದರೆ ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟಿನಲ್ಲಿ ಬೆರೆಸುವ ಕೆಲಸ. ಈ ಕೆಲಸ ನನಗೆ ತುಂಬಾ ಇಷ್ಟ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಆರು ತಿಂಗಳು ಮನೆಯಲ್ಲೇ ಮಾಡಿ ನೋಡಿ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಪೂರ್ತಿ ಉಚಿತ. ಸ್ಟುಡಿಯೋಗಳಲ್ಲಿ ಕಾಂಪೋಸಿಟಿಂಗ್‌ಗೆ ಬಳಸುವ ನ್ಯೂಕ್‌ಗೆ ನಾನ್ ಕಮರ್ಷಿಯಲ್ ಆವೃತ್ತಿ ಇದೆ, ಕಲಿಯೋಕೆ ದುಡ್ಡು ಕೊಡಬೇಕಿಲ್ಲ. ಖರ್ಚು ಮಾಡಲೇಬೇಕು ಅಂದರೆ ಒಂದು ಗಟ್ಟಿ ಕಂಪ್ಯೂಟರ್‌ಗೆ ಮಾಡಿ.

ಈ ಲೈನಿಗೆ ಬಂದವರಲ್ಲಿ ಬಹಳ ಜನರಿಗೆ ಮೊದಲು ಸಿಗುವುದು ರೋಟೋ. ಅಂದರೆ ಶಾಟಿನಲ್ಲಿರುವ ಮನುಷ್ಯನನ್ನು ಹಿನ್ನೆಲೆಯಿಂದ ಬಿಡಿಸುವ ಕೆಲಸ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಗೆಳೆಯ ನಡೆದು ಹೋಗುವುದನ್ನು ಫೋನಿನಲ್ಲಿ ಶೂಟ್ ಮಾಡಿ ಅವನನ್ನು ಬಿಡಿಸಿ. ಮೈಪೂರ್ತಿ ಒಂದೇ ಗೆರೆ ಎಳೆಯಬೇಡಿ. ನಮ್ಮ ಕಡೆ ತೊಗಲುಗೊಂಬೆಗೆ ಕೈಕಾಲು ಕೀಲು ಕೀಲಾಗಿ ಬೇರೆ ಮಾಡಿರುತ್ತಾರಲ್ಲ, ಹಾಗೆ ತಲೆ, ತೋಳು, ಮೊಣಕೈ ಕೆಳಗಿನ ಭಾಗ, ತೊಡೆ, ಮೊಣಕಾಲು ಕೆಳಗಿನದ್ದು ಅಂತ ಬೇರೆ ಬೇರೆ ಶೇಪ್ ಮಾಡಿ. ಪಾದ ನೆಲ ಮುಟ್ಟುವ ಫ್ರೇಮಿನಲ್ಲಿ, ಮಂಡಿ ಪೂರ್ತಿ ಮಡಚಿದ ಫ್ರೇಮಿನಲ್ಲಿ ಮೊದಲು ಕೀ ಹಾಕಿ, ಅಂದರೆ ಆ ಫ್ರೇಮಿನಲ್ಲಿ ಶೇಪ್ ಎಲ್ಲಿರಬೇಕು ಅಂತ ಕೈಯಾರೆ ಗುರುತು ಮಾಡಿ. ಮಧ್ಯದ್ದನ್ನು ಸಾಫ್ಟ್‌ವೇರ್ ತುಂಬುತ್ತದೆ, ಆಮೇಲೆ ಅದನ್ನು ಸರಿಮಾಡಿ. ಪ್ರತಿ ಫ್ರೇಮಿಗೂ ಕೀ ಹಾಕಿದರೆ ಎಡ್ಜ್ ನಡುಗುತ್ತದೆ, ಪ್ಲೇ ಮಾಡಿದ ತಕ್ಷಣ ಗೊತ್ತಾಗುತ್ತದೆ. ಇದನ್ನು ದಿನಗಟ್ಟಲೆ ಮಾಡಿಯೂ ಮತ್ತೆ ಕೂರಬೇಕು ಅನ್ನಿಸಿದರೆ ಈ ಕೆಲಸ ನಿಮಗೆ ಹೊಂದುತ್ತದೆ.

ಅಭ್ಯಾಸಕ್ಕೆ ನಿಮ್ಮ ಜಿಲ್ಲೆಯಂಥ ಜಾಗ ಬೆಂಗಳೂರಿನವರಿಗಿಲ್ಲ, ನಿಜವಾಗಲೂ. ಆನೆಗೊಂದಿ ಬಂಡೆಗಳ ಮುಂದೆ ಫೋನ್ ಹಿಡಿದು ಪಕ್ಕಕ್ಕೆ ನಡೆಯುತ್ತಾ ಶೂಟ್ ಮಾಡಿ, ಬ್ಲೆಂಡರಿನಲ್ಲಿ ಕ್ಯಾಮೆರಾ ಟ್ರ್ಯಾಕ್ ಮಾಡಿ, ಅಂದರೆ ಫೋನ್ ಹೇಗೆ ಚಲಿಸಿತು ಅಂತ ಸಾಫ್ಟ್‌ವೇರಿನಿಂದ ಲೆಕ್ಕ ಹಾಕಿಸಿ. ನಿಂತಲ್ಲೇ ತಿರುಗಿದರೆ ಹತ್ತಿರ-ದೂರದ ಲೆಕ್ಕ ಸಾಫ್ಟ್‌ವೇರಿಗೆ ಸಿಗುವುದಿಲ್ಲ. ಬಂಡೆಯ ಮೇಲಿನ ಕಲೆ, ಬಿರುಕು ಗಟ್ಟಿಯಾಗಿ ಟ್ರ್ಯಾಕ್ ಆಗುತ್ತವೆ, ಹೊಳೆ ನೀರು ಆಗುವುದಿಲ್ಲ. ಆಮೇಲೆ ಆ ಬಂಡೆ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಒಂದು ಮಂಟಪ ಕೂರಿಸಿ ನೋಡಿ. ದೂರದ ಗುಡ್ಡದ ನೆರಳು ಎಂದೂ ಕಡು ಕಪ್ಪಾಗಿರಲ್ಲ, ನಮ್ಮ ಬೇಸಿಗೆ ಧೂಳಿನಲ್ಲಂತೂ ಬೂದಿಯಂತೆ ಕಾಣುತ್ತದೆ, ಅಲ್ವಾ? ದೂರದಲ್ಲಿ ಕೂರಿಸಿದ ಮಂಟಪದ ನೆರಳು ಮಾತ್ರ ಕಡು ಕಪ್ಪಾಗಿದ್ದರೆ ಅಂಟಿಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಸಂಡೂರು ಕಡೆ ಹೋದಾಗ ಅದಿರು ಲಾರಿ ಹಿಂದೆ ಏಳುವ ಕೆಂಪು ಧೂಳನ್ನೂ ಗಮನಿಸಿ: ಚಕ್ರದ ಹತ್ತಿರ ದಟ್ಟ, ಹಿಂದೆ ಹೋದಂತೆ ತೆಳು, ಬಿಸಿಲಿಗೆ ಎದುರಾಗಿ ನೋಡಿದರೆ ಇನ್ನೊಂದು ಬಣ್ಣ.

ಕೆಲಸದ ಭದ್ರತೆ ಕಡಿಮೆ, ಇದನ್ನು ತಂದೆಯವರಿಗೂ ಹೇಳಿ. 2023ರಲ್ಲಿ ಹಾಲಿವುಡ್‌ನ ಲೇಖಕರು, ನಟರು ಮುಷ್ಕರ ಮಾಡಿದಾಗ ಇಲ್ಲಿ ಹೊರದೇಶದ ಶಾಟ್‌ಗಳನ್ನೇ ನಂಬಿದ್ದ ಸ್ಟುಡಿಯೋಗಳಿಗೂ ಕೆಲಸ ಕಡಿಮೆಯಾಯಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್‌ನಂಥ ದೊಡ್ಡ ವಿಎಫ್‌ಎಕ್ಸ್ ಕಂಪನಿ ಮುಚ್ಚಿ ಬೆಂಗಳೂರಿನಲ್ಲೂ ಬಹಳ ಜನರ ಕೆಲಸ ಹೋಯಿತು. ರೋಟೋದ ಒಂದಷ್ಟು ಭಾಗವನ್ನು ಈಗ ಮೆಷಿನ್ ಲರ್ನಿಂಗ್ ಮಾಡುತ್ತಿದೆ, ಹಾಗಾಗಿ ರೋಟೋದಲ್ಲೇ ನಿಲ್ಲಬೇಡಿ, ಕಾಂಪೋಸಿಟಿಂಗ್ ಕಡೆ ಬನ್ನಿ. ಮೊದಲ ಸಂಬಳ ಬಾಡಿಗೆ, ಊಟಕ್ಕೆ ಸರಿಹೋದರೆ ಸಾಕು ಅಂದುಕೊಳ್ಳಿ. ಮನೆಗೆ ಕಳಿಸಿ ಸಾಲದ ಕಂತೂ ಕಟ್ಟೋದು ಕಷ್ಟ.

ಸ್ಟುಡಿಯೋದವರು ಜಾಸ್ತಿ ನೋಡುವುದು ಶೋರೀಲ್, ಅಂದರೆ ನೀವು ಮಾಡಿದ ಶಾಟ್‌ಗಳ ಚಿಕ್ಕ ವಿಡಿಯೋ, ಸರ್ಟಿಫಿಕೇಟಿಗಿಂತ. ಒಂದು ನಿಮಿಷ ಸಾಕು, ಎಲ್ಲಕ್ಕಿಂತ ಒಳ್ಳೆಯ ಶಾಟ್ ಮೊದಲು ಬರಲಿ, ಪ್ರತಿ ಶಾಟಿನಲ್ಲಿ ನೀವು ಮಾಡಿದ್ದೇನು ಅಂತ ಮೊದಲಿನ ಪ್ಲೇಟ್ (ಏನೂ ಸೇರಿಸದ ಮೂಲ ಶಾಟ್) ಜೊತೆ ತೋರಿಸಿ. ಆಮೇಲೂ ಕೋರ್ಸ್ ಬೇಕು ಅನ್ನಿಸಿದರೆ ಸೇರಿ, ಆದರೆ ಫೀಸು ಕಟ್ಟುವ ಮೊದಲು ಹೋದ ವರ್ಷದ ಹುಡುಗರ ರೀಲ್ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ವಾಪಸ್ ಬನ್ನಿ.