ಪ್ರತಿಕ್ರಿಯೆ: ಚೀನಾದ ಸಲಿಂಗಿ ಜೋಡಿಗಳಿಗೆ ಇನ್ನೇನು ಬೇಕು?

ಚೀನಾದಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವಲ್ಲ, ಮತ್ತೇನು ಕೊರತೆ ಎಂದು ಕೇಳಿದ್ದೀರಿ. ನಿಜ, 1997ರಲ್ಲಿ ಅಪರಾಧದ ಹಣೆಪಟ್ಟಿ ಹೋಯಿತು, 2001ರಲ್ಲಿ ಮನೋರೋಗಗಳ ಪಟ್ಟಿಯಿಂದಲೂ ಕೈಬಿಟ್ಟರು. ಆದರೆ ಮದುವೆಗೆ ಮಾನ್ಯತೆಯಿಲ್ಲ. ಸಂಗಾತಿ ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದಾಗ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಯಾರು? ವರ್ಷಗಟ್ಟಲೆ ಜೊತೆಗೆ ಬಾಳಿದವರೂ ಕಾನೂನಿನ ಕಣ್ಣಿಗೆ ಹೊರಗಿನವರೇ. ನನ್ನ ಮಟ್ಟಿಗೆ ಇದೇ ದೊಡ್ಡ ಅನ್ಯಾಯ. 2017ರಿಂದ ವಯಸ್ಕರು ತಮಗೆ ಬೇಕಾದವರನ್ನು ಪಾಲಕರೆಂದು, ಅಂದರೆ ತಾವು ನಿರ್ಧರಿಸಲಾಗದ ಸ್ಥಿತಿಯಲ್ಲಿದ್ದಾಗ ತಮ್ಮ ಪರವಾಗಿ ನಿರ್ಧರಿಸುವವರೆಂದು, ಮೊದಲೇ ಬರಹದಲ್ಲಿ ಗೊತ್ತುಮಾಡಬಹುದು. ಕೆಲವು ಜೋಡಿಗಳು ನೋಟರಿ ಮುಂದೆ ಹೀಗೆ ಮಾಡಿಕೊಂಡಿವೆ. ಆಸ್ತಿಗೆ ಉಯಿಲು ಬೇರೆ ಬೇಕು.

ಮನೆಯೊಳಗಿನ ಒತ್ತಡ ಇನ್ನೂ ಕಠಿಣ. ವಂಶ ಬೆಳೆಯಲಿ ಎಂಬ ಹೆತ್ತವರ ಹಟಕ್ಕೆ ಮಣಿದು, ಸಲಿಂಗಿ ಪುರುಷರು ಮತ್ತು ಮಹಿಳೆಯರು ಪರಸ್ಪರ ಒಪ್ಪಿ ತೋರಿಕೆಯ ಮದುವೆಯಾಗುವುದುಂಟು. ನೆರವು ನೀಡುತ್ತಿದ್ದ ಬೀಜಿಂಗ್ ಎಲ್‌ಜಿಬಿಟಿ ಕೇಂದ್ರವೂ 2023ರಲ್ಲಿ ಮುಚ್ಚಿತು.