ಕಂಡುಹಿಡಿದವರಿದ್ದಾರೆ, ಕೊಳ್ಳುವವರೆಲ್ಲಿ?

ಪಾವಗಡದ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ನ್ಯಾನೊ ಫಿಲ್ಟರ್ ಬಂತು ಅಂತ ಆಗಾಗ ಪೇಪರಿನಲ್ಲಿ ಓದುತ್ತೇನೆ. ನಮ್ಮ ಮಕ್ಕಳ ಹಲ್ಲಿನ ಕಂದು ಪಟ್ಟಿ ಮಾತ್ರ ಹಾಗೇ ಇದೆ. ಈ ವಿಜ್ಞಾನಿಗಳು ಸುಮ್ನೆ ಗ್ರಾಂಟ್ ತಿಂದು ಕೂತಿದ್ದಾರಾ?'

ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. 2007ರಲ್ಲಿ ನ್ಯಾನೊ ಸಂಶೋಧನೆಗೆಂದೇ ನ್ಯಾನೊ ಮಿಷನ್ ಶುರುವಾದಾಗ ಕೇಂದ್ರ ಸರ್ಕಾರ ಐದು ವರ್ಷಕ್ಕೆ ತೆಗೆದಿಟ್ಟದ್ದು 1000 ಕೋಟಿ ರೂಪಾಯಿ. ಬಡ್ತಿಗೋಸ್ಕರ ಪ್ರಬಂಧ ಬರೆಯುವವರೂ ಇದ್ದಾರೆ, ಒಪ್ಪಿದೆ. ಆದರೂ ನೀವು ಹೇಳಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಇಂಥ ಫಿಲ್ಟರಿಗೆ ತುಂಬುವ ನ್ಯಾನೊ ಪುಡಿಯ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಲ್ಯಾಬಿನಲ್ಲಿ ಮಾಡುವುದು ಅಂಥ ನಾಲ್ಕು ಚಮಚ ಪುಡಿ. ಕಣ ಚಿಕ್ಕದಾದಷ್ಟೂ ಫ್ಲೋರೈಡ್ ಅಂಟಿಕೊಳ್ಳಲು ಜಾಗ ಜಾಸ್ತಿ, ಗುಟ್ಟೇ ಅದು. ಅದನ್ನೇ ಕ್ವಿಂಟಾಲ್ ಲೆಕ್ಕದಲ್ಲಿ ಮಾಡಲು ಹೋಗಿ. ದೊಡ್ಡ ಪಾತ್ರೆಯಲ್ಲಿ ಶಾಖ ಒಂದೇ ಸಮ ಇರುವುದಿಲ್ಲ, ಕಣಗಳು ಗಂಟು ಕಟ್ಟುತ್ತವೆ, ಮಾಲಿನ ಗುಣವೇ ಕೆಡುತ್ತದೆ. ಇದನ್ನೆಲ್ಲ ದಾಟಿದರೂ ಗಿರಾಕಿ ಬೇಕಲ್ವಾ? ಜರ್ಮನಿಯ ಬೇಯರ್ ಕಂಪನಿ ವರ್ಷಕ್ಕೆ 200 ಟನ್ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸೂಕ್ಷ್ಮ ಕೊಳವೆ) ತಯಾರಿಸುವ ಘಟಕವನ್ನು 2010ರಲ್ಲಿ ತೆರೆಯಿತು. 2013ರಲ್ಲಿ ಆ ವ್ಯವಹಾರವನ್ನೇ ಕೈಬಿಟ್ಟಿತು. ಮಾಡಲು ಬರುತ್ತಿತ್ತು, ದೊಡ್ಡ ಮಾರುಕಟ್ಟೆ ಸಿಗಲಿಲ್ಲ.

ಐಐಟಿ ಮದ್ರಾಸಿನ ಟಿ. ಪ್ರದೀಪ್ ತಂಡದ ಕತೆ ಬೇರೆ. ನ್ಯಾನೊ ಬೆಳ್ಳಿಯಿಂದ ನೀರಿನ ಕೀಟನಾಶಕ ತೆಗೆಯುವ ಅವರ ಫಿಲ್ಟರ್ 2007ರಲ್ಲೇ ಮಾರಾಟಕ್ಕೆ ಬಂತು. ಪಟ್ಟಣದವರು ಜೇಬಿನಿಂದ ದುಡ್ಡು ಕೊಟ್ಟು ಕೊಳ್ಳುತ್ತಾರೆ ನೋಡಿ.

ನಿಮ್ಮೂರಿಗೆ ಕೊಳ್ಳಬೇಕಾದದ್ದು ಸರ್ಕಾರ. ಅದು ಟೆಂಡರ್ ಕರೆಯುತ್ತದೆ: ಇಷ್ಟು ವರ್ಷದ ಅನುಭವ, ಇಷ್ಟು ವಹಿವಾಟು, ಎಲ್ಲರಿಗಿಂತ ಕಡಿಮೆ ದರ. ಹೊಸ ಮಾಲಿಗೆ ಅನುಭವ ಎಲ್ಲಿಂದ ಬರಬೇಕು? ವಸಂತನರಸಾಪುರದಲ್ಲಿ ಸಣ್ಣ ಕಾರ್ಖಾನೆ ನಡೆಸುವವರೊಬ್ಬರು ನನಗೆ ಹೇಳಿದ್ದು: 'ಸಾರ್, ಮೊದಲ ಆರ್ಡರ್ ಸಿಗಬೇಕಾದ್ರೆ ಎರಡನೇ ಆರ್ಡರ್ ತೋರಿಸಬೇಕು.'

ಇನ್ನು, ಹಾಕಿಸಿದ್ದನ್ನು ನೋಡಿಕೊಳ್ಳುವವರು ಯಾರು? ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿ ಶುದ್ಧ ನೀರಿನ ಘಟಕ ನೋಡಿದೆ. ಕಾಯಿನ್ ಬಾಕ್ಸಿಗೆ ಟೇಪು ಸುತ್ತಿದ್ದರು. ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಬಿಚ್ಚಿಟ್ಟಿದ್ದರು; ಅದರ ತುಂಬ ಬಿಳಿ ಉಪ್ಪು ಕಟ್ಟಿತ್ತು. ಬದಲಾಯಿಸಲು ದುಡ್ಡಿಲ್ಲವಂತೆ. ಊರ ಬಾಗಿಲಿಗೆ ಹೊಸ ಕಮಾನು ಮಾತ್ರ ಏಳುತ್ತಿತ್ತು! ನ್ಯಾನೊ ಪುಡಿಯೂ ಅಷ್ಟೇ, ಫ್ಲೋರೈಡ್ ಹೀರಿ ತುಂಬಿದ ಮೇಲೆ ತೊಳೆದು ಹದ ಮಾಡಬೇಕು, ಇಲ್ಲವೇ ಬದಲಿಸಬೇಕು. ಆ ಖರ್ಚನ್ನು ಯಾವ ಲ್ಯಾಬಿನವರು ಬಂದು ಕಟ್ಟುತ್ತಾರೆ?

ವಿಜ್ಞಾನಿಗಳನ್ನು ಬೈಯಲು ಇಷ್ಟು ಚೆಂದದ ಅಕ್ಷರದಲ್ಲಿ ಮೂರು ಪುಟ ಬರೆದಿದ್ದೀರಿ. ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮೂರಿನ ಘಟಕದ ಮೆಂಬ್ರೇನ್ ಕೊನೆಗೆ ಬದಲಾಯಿಸಿದ್ದು ಯಾವಾಗ ಅಂತ ಕೇಳಿ. ಉತ್ತರ ಸಿಕ್ಕರೆ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.